ಬಲ ಹೆಗಲ ಸೆರಗು

ಚಿಂಚವಾಡ, ಪುಣೆ
೧೦ ಮಾರ್ಚ್ ೨೦೨೪

ಕಟ್ಟಿ ಸಾಹೇಬರಿಗೆ ನಮಸ್ಕಾರ.

ನಾನು ಶಿವಕಾಂತಾ. ನೀವು ನನ್ನನ್ನು ನೋಡಿಲ್ಲ. ಆದರೆ ನಿಮ್ಮ ವಿಳಾಸ ಮೂವತ್ತು ವರ್ಷ ನಮ್ಮ ಮನೆಯ ಗೋಡೆಗೆ ಮುಖಮಾಡಿ ನೇತಾಡುತ್ತಿತ್ತು. ನನ್ನ ಅವ್ವ ಮರೆಮ್ಮನ ಫೋಟೋ ಇಳಿಸಿ ಒರೆಸುವಾಗ ಹಿಂದುಗಡೆ ‘ಕಟ್ಟಿ ಫೋಟೋ ಸ್ಟುಡಿಯೋ, ಮಾರ್ಕೆಟ್ ಯಾರ್ಡ್, ಪುಣೆ’ ಎಂಬ ನೀಲಿ ಶಿಕ್ಕಾ ಕಂಡಿತು. ಹುಡುಕಿಕೊಂಡು ಹೋದೆ. ಅಲ್ಲೀಗ ಮೊಬೈಲ್ ಕವರ್ ಮಾರುವ ಅಂಗಡಿ ಇದೆ. ಅಂಗಡಿಯ ದತ್ತು ನಿಮ್ಮ ಮನೆಯ ವಿಳಾಸ ಬರೆದುಕೊಟ್ಟ. ಅಜ್ಜನಿಗೆ ಕಿವಿ ಪೂರ್ತಿ ಹೋಗಿದೆ, ಫೋನು ಮಾಡಿ ಉಪಯೋಗವಿಲ್ಲ, ಪತ್ರ ಬರೆದರೆ ಕೂತು ಓದುತ್ತಾರೆ ಎಂದ. ಏಳನೆಯ ತರಗತಿಯವರೆಗೆ ನಾನು ಶಹಾಪುರದ ಕಡೆ ಅಪ್ಪನ ಅವ್ವನ ಹತ್ತಿರ ಇದ್ದು ಓದಿದವಳು, ಹಾಗಾಗಿ ಕನ್ನಡ ಬರೆಯಲು ಬರುತ್ತದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನಪ್ಪ ಅವ್ವಣ್ಣ ಹೋದ ತಿಂಗಳು ತೀರಿಕೊಂಡ. ಪುಣೆಯ ಕೊಂಢವಾ ಕಡೆಯ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ನಿಮಗೆ ನೆನಪಿರಬಹುದು, ಇಲ್ಲದಿರಬಹುದು. ಅವ್ವ ಸತ್ತಾಗ ನನಗೆ ಮೂರು ವರ್ಷ. ನನಗೆ ಅವ್ವ ಎಂದರೆ ಆ ಫೋಟೋ. ಬೇರೆ ನೆನಪು ಒಂದೂ ಇಲ್ಲ.

ಅಪ್ಪನ ದಿನಕ್ಕೆ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಊರಿಂದ ಬಂದಿದ್ದಳು. ಅವ್ವ ಸತ್ತಾಗಿನಿಂದ ಅವರ ಕಡೆಯವರು ಅಪ್ಪನ ಸಂಗಡ ಮಾತು ಬಿಟ್ಟಿದ್ದರು. ಪುಣೆಗೆ ಕರೆದೊಯ್ದು ದುಡಿಸಿ ಕೊಂದ ಎಂಬ ಸಿಟ್ಟು. ಹೀಗಾಗಿ ದೊಡ್ಡವ್ವ ನಮ್ಮ ಹೊಸ್ತಿಲು ತುಳಿದದ್ದು ಇದೇ ಮೊದಲು. ಬಂದವಳು ಫೋಟೋದ ಮುಂದೆ ನಿಂತು, “ಇಕಿ ಯಾರು?” ಎಂದಳು. ಅವ್ವ ಎಂದೆ. “ಚಂದ ಅದಾಳ. ಆದ್ರ ಇಕಿ ನಮ್ಮ ಮರೆಮ್ಮ ಅಲ್ಲವ್ವಾ” ಎಂದು ಹೇಳಿ ಚಹಾ ಕುಡಿಯಲು ಕೂತಳು.

ದೊಡ್ಡವ್ವನ ಕಣ್ಣಿಗೆ ಪೊರೆ ಬಂದಿದೆ, ಅದಕ್ಕೇ ಹಾಗೆಂದಳು ಎಂದು ನನ್ನ ಗಂಡ ಭೀಮು ಸಮಾಧಾನ ಹೇಳುತ್ತಾನೆ. ನನಗೆ ಸಮಾಧಾನ ಆಗುತ್ತಿಲ್ಲ. ನಿಮ್ಮ ಹತ್ತಿರ ಆ ನೆಗೆಟಿವ್ ಇದ್ದರೆ ನೋಡಿ ಒಂದೇ ಮಾತು ಬರೆಯಿರಿ. ಇವಳು ನನ್ನ ಅವ್ವ ಹೌದೋ ಅಲ್ಲವೋ?

ಇಂತಿ,
ಶಿವಕಾಂತಾ


ಸಹಕಾರನಗರ, ಪುಣೆ
೨೯ ಮಾರ್ಚ್ ೨೦೨೪

ಶ್ರೀಮತಿ ಶಿವಕಾಂತಾ ಅವರಿಗೆ,

ನಿಮ್ಮ ಪತ್ರ ಬಂತು. ಬ್ಯಾಂಕಿನವರನ್ನು ಬಿಟ್ಟರೆ ನನಗೆ ಯಾರೂ ಪತ್ರ ಬರೆಯದೆ ವರ್ಷಗಳಾಗಿದ್ದವು. ಕೈಬರಹ ಕಂಡು ನನ್ನ ಮಗಳು ಸುರಭಿ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

ಅವ್ವಣ್ಣ ತೀರಿಕೊಂಡದ್ದು ಓದಿ ಕೆಟ್ಟೆನಿಸಿತು. ಇನ್ನು ನೆಗೆಟಿವ್ ವಿಷಯ. ಅಂಗಡಿ ಮುಚ್ಚಿದಾಗ ಎಲ್ಲವನ್ನೂ ಮೂರು ಟ್ರಂಕಿನಲ್ಲಿ ತುಂಬಿ ಮನೆಯ ಕೆಳಗಿನ ಕೋಣೆಯಲ್ಲಿ ಇಟ್ಟಿದ್ದೆ. ೨೦೧೯ರ ಸೆಪ್ಟೆಂಬರಿನಲ್ಲಿ ಓಢಾ ಎನ್ನುವ ಹಳ್ಳ ಉಕ್ಕಿ ನಮ್ಮ ಕಡೆ ನೀರು ಎದೆಮಟ್ಟ ಬಂತು. ಮೂರನೆಯ ದಿನ ಟ್ರಂಕು ತೆರೆದರೆ ನೆಗೆಟಿವ್‌ಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಪ್ಪಳದ ಹಿಟ್ಟಿನಂತೆ ಮುದ್ದೆಯಾಗಿದ್ದವು. ನಲವತ್ತು ವರ್ಷದ ಮುಖಗಳು. ನಮ್ಮ ಮನೆಯ ಆಲ್ಬಮ್ಮುಗಳೂ ಅದರಲ್ಲೇ ಇದ್ದವು.

ಅಷ್ಟು ಗಿರಾಕಿಗಳಲ್ಲಿ ಒಂದು ಫೋಟೋ ನೆನಪಿಡುವುದು ಹೇಗೆ? ನನಗೆ ನೆನಪಿಲ್ಲ. ಆದರೆ ಮೂವತ್ತು ವರ್ಷ ಕಳೆದರೆ ಒಡಹುಟ್ಟಿದವರ ಗುರುತೂ ತಪ್ಪುತ್ತದೆ. ಅದರಲ್ಲೂ ಹೀಗೆ ಎದುರು ನೋಡದೆ, ಏನನ್ನೋ ಆಲಿಸುತ್ತ ಪಕ್ಕಕ್ಕೆ ನೋಡುವ ಮುಖವಾದರೆ ಇನ್ನೂ ಕಷ್ಟ. ದೊಡ್ಡವ್ವನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವಳು ನಿಮ್ಮ ಅವ್ವನೇ.

ಫೋಟೋಕ್ಕೆ ಗೋಡೆಯ ಹಸಿ ತಾಗುತ್ತಿಲ್ಲವಷ್ಟೇ? ಬಿಸಿಲೂ ಬೀಳಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಲೇಬೇಡಿ.

ಕೃಷ್ಣಾಜಿ ಕಟ್ಟಿ


ಚಿಂಚವಾಡ
೨೧ ಏಪ್ರಿಲ್ ೨೦೨೪

ಕಟ್ಟಿ ಸಾಹೇಬರೇ,

ನನ್ನ ಕೆಲಸ ಏನೆಂದು ಹೋದ ಸಲ ಹೇಳಲಿಲ್ಲ. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದೇನೆ. ಗಾಡಿಗಳಿಗೆ ಹಾಕುವ ಸಣ್ಣ ಸಣ್ಣ ಉಕ್ಕಿನ ಉಂಗುರಗಳನ್ನು ಭೂತಗನ್ನಡಿಯ ಕೆಳಗಿಟ್ಟು ಗೀರು, ಬಿರುಕು ಹುಡುಕುವುದು. ಹನ್ನೊಂದು ವರ್ಷದಿಂದ ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ನಿಮ್ಮ ಪತ್ರವನ್ನೂ ಹಾಗೆಯೇ ಓದಿದೆ, ಸಿಟ್ಟಾಗಬೇಡಿ.

ನೆನಪಿಲ್ಲ ಎಂದು ಬರೆದಿರಿ. ಅದರ ಬೆನ್ನಿಗೇ ಅವ್ವ ಏನನ್ನೋ ಆಲಿಸುತ್ತ ಪಕ್ಕಕ್ಕೆ ನೋಡುತ್ತಾಳೆ ಎಂದೂ ಬರೆದಿರಿ. ನಾನು ಅದನ್ನು ನಿಮಗೆ ತಿಳಿಸಿಯೇ ಇರಲಿಲ್ಲ.

ಇನ್ನೊಂದು ಮಾತು. ಫೋಟೋದಲ್ಲಿ ಅವ್ವನ ಸೆರಗು ಬಲ ಹೆಗಲ ಮೇಲಿದೆ. ನಮ್ಮ ಮನೆಯ ಹೆಂಗಸರೆಲ್ಲ ಎಡಕ್ಕೆ ಹಾಕುವವರು. ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. ಅಪ್ಪ, “ನಿಮ್ಮವ್ವ ಎಡಚಿ ಇದ್ಲವ್ವಾ. ಎಲ್ಲಾ ಎಡಗೈಲೇ ಮಾಡಾಕಿ. ಅದಕ್ಕ ಸೆರಗೂ ಹಂಗ” ಎಂದಿದ್ದ. ಅವ್ವನ ಬಗ್ಗೆ ನನಗೆ ಗೊತ್ತಿದ್ದ ಸಂಗತಿಗಳಲ್ಲಿ ಅದೇ ದೊಡ್ಡದು. ಶಾಲೆಯಲ್ಲಿ ಒಬ್ಬಳೇ ಕೂತು ಎಡಗೈಯಲ್ಲಿ ಬರೆದು ನೋಡುತ್ತಿದ್ದೆ. ನನ್ನ ಮಗಳು ಮುಕ್ತಾ ಹುಟ್ಟಾ ಎಡಚಿ. ಬಾಲವಾಡಿಯ ಟೀಚರು ಅವಳ ಕೈಗೆ ಹೊಡೆದಾಗ, ಇದು ಅವಳ ಅಜ್ಜಿಯಿಂದ ಬಂದದ್ದು, ಇನ್ನೊಮ್ಮೆ ಕೈ ಹಚ್ಚಿದರೆ ನೋಡಿ ಎಂದು ಜಗಳ ಮಾಡಿ ಬಂದಿದ್ದೆ. ಇದನ್ನು ಹೇಳಿದರೆ ದೊಡ್ಡವ್ವ ನಕ್ಕುಬಿಟ್ಟಳು. “ಮರೆಮ್ಮ ಎಡಚಿ? ಅಕಿ ಬಲಗೈಲೆ ಕೊಟ್ಟ ಪೆಟ್ಟು ಇನ್ನೂ ನನ್ನ ಬೆನ್ನಾಗ ಅದಾವ!”

ಕೇಳೋಣವೆಂದರೆ ಅಪ್ಪನಿಲ್ಲ. ಗೊತ್ತಿರುವವರು ನೀವೊಬ್ಬರೇ. ನಾನು ಇಷ್ಟು ವರ್ಷ ಯಾರಿಗೆ ಕೈಮುಗಿದೆ?

ಶಿವಕಾಂತಾ


ಸಹಕಾರನಗರ
೨ ಜೂನ್ ೨೦೨೪

ಶಿವಕಾಂತಾ,

ಆರು ವಾರ ತಡಮಾಡಿದೆ. ಮೈಯಲ್ಲಿ ಹುಷಾರಿರಲಿಲ್ಲ ಎಂದು ಬರೆಯಬಹುದಿತ್ತು, ನೀನು ಹಿಡಿದುಬಿಡುತ್ತೀ. ಏಕವಚನಕ್ಕೆ ಬೇಸರ ಬೇಡ. ನನ್ನ ಸುರಭಿಗಿಂತ ಚಿಕ್ಕವಳು ನೀನು.

ಅದು ನಿನ್ನ ಅವ್ವ ಅಲ್ಲ. ನನ್ನ ಹೆಂಡತಿ ಇಂದೂ.

೧೯೯೪ರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ನಿನ್ನಪ್ಪ ಅಂಗಡಿಗೆ ಬಂದು ನಿಂತ. ತಲೆಯಲ್ಲಿ ಸಿಮೆಂಟು, ಕಾಲಲ್ಲಿ ಚಪ್ಪಲಿ ಇಲ್ಲ. ಹೆಂಡತಿ ಮೂರು ದಿನದ ಜ್ವರದಲ್ಲಿ ಹೋದಳು, ದಿನಕರ್ಮಕ್ಕೆ ಫೋಟೋ ಬೇಕು ಎಂದ. ಹಳೆಯದು ಕೊಡಪ್ಪಾ, ದೊಡ್ಡದು ಮಾಡಿಕೊಡುತ್ತೇನೆ ಎಂದೆ. “ಒಂದೂ ಇಲ್ರಿ ಸಾಹೇಬ್ರ. ತಗಸೇ ಇಲ್ಲ” ಎಂದ.

ಅಂಥವರು ಆಗ ತಿಂಗಳಿಗೊಬ್ಬರಾದರೂ ಬರುತ್ತಿದ್ದರು, ನಮ್ಮ ದಂಧೆಯಲ್ಲಿ ಅದಕ್ಕೊಂದು ದಾರಿಯೂ ಇತ್ತು. ಗಿರಾಕಿಗಳು ಒಯ್ಯದೆ ಉಳಿದ ಫೋಟೋಗಳ ಡಬ್ಬಿ ಮುಂದಿಡುತ್ತಿದ್ದೆವು. ಸತ್ತವರನ್ನು ಹೋಲುವ ಮುಖ ಅವರೇ ಆರಿಸಬೇಕು. ಆಮೇಲೆ ಆ ನೆಗೆಟಿವ್ ಮೇಲೆ ಪೆನ್ಸಿಲು, ಬ್ಲೇಡು ಹಿಡಿದು ತಿದ್ದುವುದು. ಪೆನ್ಸಿಲು ಹಚ್ಚಿದಲ್ಲಿ ಫೋಟೋ ಬೆಳ್ಳಗಾಗುತ್ತದೆ, ಬ್ಲೇಡಿನಿಂದ ಕೆರೆದಲ್ಲಿ ಕಪ್ಪಾಗುತ್ತದೆ. ಪಕ್ಕದಲ್ಲಿ ಕೂತು ಅವರು ಹುಬ್ಬು ದಪ್ಪ, ಕೆನ್ನೆ ಬತ್ತಿದ್ದು ಎಂದು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ.

ಅವ್ವಣ್ಣ ಡಬ್ಬಿಯ ಒಂದು ಮುಖವನ್ನೂ ಒಪ್ಪಲಿಲ್ಲ. ಎದ್ದು ಹೊರಟವನು ಅಂಗಡಿಯ ಮುಂದಿನ ಗಾಜಿನ ಪೆಟ್ಟಿಗೆಯ ಎದುರು ನಿಂತುಬಿಟ್ಟ. ಒಳಗಿದ್ದ ಇಂದೂನ ಫೋಟೋ ತೋರಿಸಿ, “ಇಕೀನ ನೋಡ್ರಿ. ಕೂಸು ಅತ್ತರ ನಮ್ಮಕಿ ಹಿಂಗ ತಿರುಗಿ ನೋಡಾಕಿ” ಎಂದ. ಕೂಸು ಎಂದರೆ ನೀನು.

ಆ ಫೋಟೋ ನಾನು ಬರೀ ಅಂಗಡಿಯವನಲ್ಲ, ಕಲಾವಿದ ಎಂದು ಊರಿಗೆ ತೋರಿಸಲು ತೆಗೆದದ್ದು. ಅವ್ವಣ್ಣ ಬರುವುದಕ್ಕೆ ಹನ್ನೆರಡು ವರ್ಷ ಮೊದಲು, ಇಂದೂಗೆ ಆಗ ಇಪ್ಪತ್ತೆಂಟು. ಕಿಟಕಿಯ ಬೆಳಕು, ಹಿಂದೆ ಕರಿ ಪರದೆ, ಎಲ್ಲವನ್ನೂ ಅಳೆದು ತೂಗಿ ಕೂರಿಸಿದ್ದೆ. ಆದರೆ ಆ ನೋಟ ಮಾತ್ರ ನಾನು ಮಾಡಿಸಿದ್ದಲ್ಲ. ಪರದೆಯ ಹಿಂದೆ ನಮ್ಮ ಅಡುಗೆಮನೆ. ಕುಕ್ಕರು ಎರಡು ಸೀಟಿ ಹೊಡೆದಿತ್ತು. ಮೂರನೆಯದಕ್ಕೆ ಕಿವಿಗೊಟ್ಟು ಅವಳ ಕಣ್ಣು ಆ ಕಡೆ ಹೊರಳಿತು, ನಾನು ಗುಂಡಿ ಒತ್ತಿದೆ. ನೋಡಿದವರೆಲ್ಲ ಏನು ಭಾವ, ಏನು ಭಾವ ಎಂದರು. ನಾನೂ ಹೂಂಗುಟ್ಟಿದೆ. ಭಾವ ಅಲ್ಲ, ಬೇಳೆ!

ಅದಕ್ಕೊಂದು ಕಾಪಿ ನೆಗೆಟಿವ್ ಮಾಡಿಕೊಂಡು ತಿದ್ದಬಹುದಿತ್ತು. ಮಾಡಲಿಲ್ಲ. ಇಂದೂ ಮನೆಯಲ್ಲೇ ಇದ್ದಾಳಲ್ಲ, ಇನ್ನೊಂದು ತೆಗೆದರಾಯಿತು ಎಂದುಕೊಂಡೆ. ಮೂಲ ನೆಗೆಟಿವ್ ಮೇಲೆಯೇ ಬ್ಲೇಡು ಆಡಿಸಿದೆ. ಗದ್ದದ ಮೇಲೆ ನಿಮ್ಮವ್ವನ ಮೂರು ಹಚ್ಚೆಯ ಚುಕ್ಕೆ, ಹಣೆಯ ಮೇಲೆ ದೊಡ್ಡ ಕುಂಕುಮ, ಕೆನ್ನೆಯಲ್ಲಿ ನೆರಳು. ಕೊನೆಗೆ ಅವ್ವಣ್ಣ, “ಮೂಗುತಿ ನಮ್ಮಕೀದು ಬಲಕ್ಕಿತ್ರಿ” ಎಂದ. ಇಂದೂದು ಎಡಕ್ಕೆ. ನೆಗೆಟಿವ್ ಮಗುಚಿ ಇಟ್ಟು ಪ್ರಿಂಟು ಹಾಕಿದೆ. ಮೂಗುತಿ ಬಲಕ್ಕೆ ಬಂತು, ಅದರ ಸಂಗಡ ಸೆರಗೂ ಬಲಕ್ಕೆ ಹೋಯಿತು. ಮೂಗಿನ ಮೇಲೆ ಕಣ್ಣಿಟ್ಟಿದ್ದ ನಮ್ಮಿಬ್ಬರಿಗೂ ಹೆಗಲು ಕಾಣಲಿಲ್ಲ. ನಿಮ್ಮವ್ವನನ್ನು ಎಡಚಿ ಮಾಡಿದವನು ನಾನು.

ನಿನ್ನಪ್ಪ ಆ ಪ್ರಿಂಟು ನೋಡಿ ನೆಲಕ್ಕೆ ಕೂತು ಅತ್ತ. ಸಾಲದ್ದಕ್ಕೆ ನನಗೂ ಅದರಲ್ಲಿ ಮರೆಮ್ಮನೇ ಕಂಡಳು, ನಾನು ಎಂದೂ ನೋಡಿರದ ಮರೆಮ್ಮ. ಆದರೆ ಒಣಗಲು ಹಾಕಿದ್ದ ಇನ್ನೊಂದು ಪ್ರಿಂಟನ್ನು ಇಂದೂ ನೋಡಿದಳು. “ಇದು ನಾನ ಅಲ್ಲೇನ್ರಿ?” ಎಂದಳು. ಕಟ್ಟಿಕೊಂಡ ಗಂಡನಿಗೇ ಸಿಗದ ಗುರುತು ನಿನಗೆ ಹೇಗೆ ಸಿಕ್ಕಿತು ಎಂದೆ. “ನನ್ನ ಮಾರಿ ನನಗ ಗೊತ್ತಿಲ್ಲೇನು?” ಎಂದು ಒಳಗೆ ಹೋದಳು. ಹೇಗೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಬದುಕಿದ್ದವಳ ಫೋಟೋಕ್ಕೆ ಹಾರ ಹಾಕಿಸಿದ ಪಾಪಿ ನಾನು. ಇಂದೂ ಮಾತ್ರ ನಗುತ್ತಿದ್ದಳು. “ಕೊಂಢವಾದೊಳಗ ನನಗ ದಿನಾ ಹೂ ಏರಸ್ತಾರ. ನೀವು ಒಂದು ಮೊಳ ಮಲ್ಲಿಗಿ ತರಂಗಿಲ್ಲ” ಎನ್ನುತ್ತಿದ್ದಳು. ಅಂಗಡಿ ಇರುವ ತನಕ ನಿನ್ನಪ್ಪ ಪ್ರತಿ ಮಹಾನವಮಿ ಅಮಾವಾಸ್ಯೆಯ ಸಂಜೆ, ನಿಮ್ಮವ್ವನ ಹೆಸರಲ್ಲಿ ಇಟ್ಟ ಎಡೆಯ ಹೋಳಿಗೆ, ಪಲ್ಯ ತಂದುಕೊಡುತ್ತಿದ್ದ. “ನನ್ನ ಎಡಿ ಬಂತು” ಎಂದು ಇಂದೂ ಕೂತು ತಿನ್ನುತ್ತಿದ್ದಳು. ಅಮಾವಾಸ್ಯೆಗೆ ಉಳ್ಳಾಗಡ್ಡಿ ತಿನ್ನುವವಳಲ್ಲ, ಪಲ್ಯದಿಂದ ಅದನ್ನು ಆರಿಸಿ ಆರಿಸಿ ನನ್ನ ತಟ್ಟೆಗೆ ಹಾಕುತ್ತಿದ್ದಳು.

ಒಂದು ಸಲ ಅವಳಿಗೆ ಕಾಮಾಲೆಯಾಗಿ ಬದುಕುವುದೇ ಕಷ್ಟವಾಗಿತ್ತು. ಆ ಹಾರದಿಂದಲೇ ಎನಿಸಿ ಫೋಟೋ ವಾಪಸು ಕೇಳಲು ಕೊಂಢವಾದ ನಿಮ್ಮ ಶೆಡ್ಡಿನವರೆಗೆ ಬಂದೆ. ನಿನಗೆ ಐದಾರು ವರ್ಷ, ಶಾಲೆಯ ಸೂಟಿಗೆ ಊರಿಂದ ಬಂದಿದ್ದೆ. ನೀನು ಫೋಟೋದ ಮುಂದೆ ಕೂತು ಗಣಿತದ ಮಗ್ಗಿ ಒಪ್ಪಿಸುತ್ತಿದ್ದೆ, ತಪ್ಪಿದಾಗೆಲ್ಲ ಫೋಟೋಕ್ಕೆ ಕೈಮುಗಿದು ಮತ್ತೆ ಮೊದಲಿಂದ. ಕೇಳದೆ ತಿರುಗಿ ಬಂದೆ. ಇಂದೂ ಆ ಸಲ ಬದುಕಿದಳು. ಹೋದದ್ದು ೨೦೧೮ರಲ್ಲಿ.

ನಿನಗೆ ಸುಳ್ಳು ಹೇಳಿದ್ದೆ. ಕ್ಷಮಿಸು ಎನ್ನಲು ನಾಚಿಕೆಯಾಗುತ್ತದೆ.

ಕೃಷ್ಣಾಜಿ


ಚಿಂಚವಾಡ
೧೪ ಜುಲೈ ೨೦೨೪

ಕಟ್ಟಿಯವರಿಗೆ,

ಫೋಟೋ ಇಳಿಸಿದ್ದೇನೆ. ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದೇನೆ. ಗೋಡೆಯ ಮೇಲೆ ಫೋಟೋದಷ್ಟೇ ಬಿಳಿ ಗುರುತು ಉಳಿದಿದೆ, ಮೊಳೆ ಉಳಿದಿದೆ. ಅಜ್ಜಿ ಎಲ್ಲಿ ಹೋದಳು ಎಂದು ಮುಕ್ತಾ ಕೇಳುತ್ತಾಳೆ. ಸುಣ್ಣ ಬಳಿಸಬೇಕು ಎಂದು ಹೇಳಿದ್ದೇನೆ. ನಾನೂ ಅಪ್ಪನ ಹಾಗೆ ಸುಳ್ಳು ಹೇಳಲು ಕಲಿತೆ.

ಅಪ್ಪನ ಮೇಲೆ ಸಿಟ್ಟು ಬಂದಿದೆ. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡಲಿ, ನಿಮ್ಮ ಮೇಲೆ ಮಾಡಿಕೊಂಡಿದ್ದೇನೆ. ಮತ್ತೆ ಬರೆಯಬೇಡಿ.

ಶಿವಕಾಂತಾ


ಸಹಕಾರನಗರ
೧೮ ಆಗಸ್ಟ್ ೨೦೨೪

ಶಿವಕಾಂತಾ,

ಬರೆಯಬೇಡಿ ಎಂದು ನೀನು ಹೇಳಿದ್ದೆ. ಒಂದೇ ಸಲ ಬರೆಯುತ್ತೇನೆ.

ಫೋಟೋ ಬೇಡವಾದರೆ ಹಳೆಯ ದೇವರ ಪಟವನ್ನು ಬಿಡುವ ಹಾಗೆ ನದಿಗೆ ಬಿಡಬೇಡ. ಹೋದ ಪತ್ರದಲ್ಲಿ ಒಂದು ಸಂಗತಿ ಮುಚ್ಚಿಟ್ಟೆ. ಗಾಜಿನ ಪೆಟ್ಟಿಗೆಯಲ್ಲಿದ್ದ ಇಂದೂನ ಫೋಟೋ ಬಿಸಿಲಿಗೆ ಮಾಸಿಹೋಯಿತು. ಆಲ್ಬಮ್ಮುಗಳನ್ನೂ ಅಂದು ಉಳಿಸಿಕೊಂಡಿದ್ದ ಇನ್ನೊಂದು ಪ್ರಿಂಟನ್ನೂ ನೀರು ತಿಂದಿತು. ಇನ್ನೊಂದು ತೆಗೆದರಾಯಿತು ಎಂದವನು ತೆಗೆಯಲೇ ಇಲ್ಲ. ದಿನಾ ಊರವರ ಮುಖ ತೆಗೆದು ಬೇಸತ್ತು, ಮನೆಗೆ ಬಂದರೆ ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಸುರಭಿಯ ಮೊಬೈಲಿನಲ್ಲಿ ಇಂದೂ ನೂರಾರು ಇದ್ದಾಳೆ, ಎಲ್ಲ ಅರವತ್ತು ದಾಟಿದವು. ಈಗ ಕಣ್ಣು ಮುಚ್ಚಿದರೆ ನನಗೆ ಆಸ್ಪತ್ರೆಯ ಮುಖವೇ ಬರುತ್ತದೆ. ಇಪ್ಪತ್ತೆಂಟರ ಇಂದೂ ಎಲ್ಲಾದರೂ ಉಳಿದಿದ್ದರೆ ನಿಮ್ಮ ಮನೆಯ ಆ ಒಂದು ಪ್ರಿಂಟಿನಲ್ಲಿ.

ಕೊಡು ಎಂದು ಕೇಳಲು ನನಗೆ ಬಾಯಿಲ್ಲ. ಒಂದು ಸಲ ನೋಡಬೇಕೆಂಬ ಆಸೆ. ನೋಡಿದರೂ ಅವಳು ಸಿಗುತ್ತಾಳೋ ಇಲ್ಲವೋ. ತಿದ್ದಿ ಕೆಡಿಸಿದವನು ನಾನೇ.

ಕೃಷ್ಣಾಜಿ


ಚಿಂಚವಾಡ
೧೫ ಸೆಪ್ಟೆಂಬರ್ ೨೦೨೪

ಕಟ್ಟಿ ಅಜ್ಜಾ,

ಈ ಗಂಟನ್ನು ತಂದವನು ನನ್ನ ಗಂಡ ಭೀಮು. ಒಳಗೆ ಫೋಟೋ ಇದೆ, ಅಪ್ಪನ ದಾಡಿ ಕನ್ನಡಿಯೂ ಇದೆ. ಯಾಕೆ ಎಂದು ಹೇಳುತ್ತೇನೆ, ಅವಸರ ಮಾಡಬೇಡಿ.

ದೊಡ್ಡವ್ವನ ಕಣ್ಣಿನ ಪೊರೆ ತೆಗೆಸಲು ಅವಳನ್ನು ಇಲ್ಲಿಗೇ ಕರೆಸಿಕೊಂಡೆ. ಪಟ್ಟಿ ಬಿಚ್ಚಿದ ಮರುದಿನ ಕಪಾಟಿನ ಮೇಲಿನ ಫೋಟೋ ಇಳಿಸಿ, ಈಗ ನೋಡು ಎಂದೆ. ಮನಸ್ಸಿನಲ್ಲಿ ಇನ್ನೂ ಆಸೆ ಇತ್ತು. ನೋಡಿದಳು. “ಅಲ್ಲವ್ವಾ, ಈಗೂ ಅಲ್ಲ” ಎಂದಳು. ನನಗೆ ಅಳು ಬಂತು. ದೊಡ್ಡವ್ವ ನನ್ನ ಗದ್ದ ಹಿಡಿದು, “ನಿಮ್ಮವ್ವನ್ನ ನೋಡಬೇಕಂದ್ರ ಕನ್ನಡಿ ನೋಡ್ಕೋ ಹುಚ್ಚೀ. ಕಣ್ಣು ಬಿಟ್ಟ ಕೂಡ್ಲೆ ನಿನ್ನ ಕಂಡೆ. ಮರೆಮ್ಮನ ಬಂದು ನಿಂತಾಳಂತ ತಿಳದೆ” ಎಂದಳು.

ಅಪ್ಪನ ಕನ್ನಡಿ ಮೋರಿಯ ಹತ್ತಿರದ ಗೂಡಿನಲ್ಲೇ ಇತ್ತು. ಹೋಗಿ ನೋಡಿಕೊಂಡೆ. ಮೂವತ್ತು ವರ್ಷ ಫೋಟೋದ ಮೂಗು ನನಗೆ ಬರಲಿಲ್ಲವಲ್ಲ ಎಂದು ಕೊರಗುತ್ತಿದ್ದೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಮೇಲೆ ನನ್ನ ಹಾಳು ತಪಾಸಣೆಯ ಕಣ್ಣು ಸುಮ್ಮನಿರಬೇಕಲ್ಲ! ಎಡ ಹೆಗಲ ಮೇಲಿನ ನನ್ನ ಸೆರಗು ಕನ್ನಡಿಯಲ್ಲಿ ಬಲ ಹೆಗಲ ಮೇಲಿತ್ತು, ಥೇಟ್ ಫೋಟೋದ ಹಾಗೆ.

ಇಂದೂ ಅಮ್ಮ ಗುರುತು ಹಿಡಿದದ್ದು ಹೇಗೆ ಎಂದು ತಿಳಿಯಲಿಲ್ಲ ಎಂದಿರಲ್ಲ. ನೀವು ಮಗುಚಿ ಹಾಕಿದ ಫೋಟೋದಲ್ಲಿ ಅವರು ದಿನಾ ಕುಂಕುಮ ಹಚ್ಚಿಕೊಳ್ಳುವಾಗ ಕನ್ನಡಿಯಲ್ಲಿ ಕಾಣುವ ಮುಖವೇ ಬಂದಿತ್ತು. ತನ್ನ ಮುಖ ಯಾರಿಗಾದರೂ ಹಾಗೆಯೇ ತಾನೇ ಗೊತ್ತಿರುವುದು? ನೀವು ಎದುರಿನಿಂದ ನೋಡಿದವರು, ನಿಮಗೆ ಸಿಗಲಿಲ್ಲ. ಅದಕ್ಕೇ ಕನ್ನಡಿ ಕಳಿಸಿದ್ದೇನೆ. ಫೋಟೋವನ್ನು ನೇರ ನೋಡಬೇಡಿ. ಅದಕ್ಕೆ ಬೆನ್ನು ಮಾಡಿ ಕೂತು ಕನ್ನಡಿಯಲ್ಲಿ ನೋಡಿ.

ಆದರೆ ಫೋಟೋ ನನಗೆ ವಾಪಸು ಬೇಕು. ಅಕ್ಟೋಬರ್ ಎರಡಕ್ಕೆ ಮಹಾನವಮಿ ಅಮಾವಾಸ್ಯೆ, ಅಷ್ಟರೊಳಗೆ. ಅಪ್ಪ ಎಲ್ಲ ಗೊತ್ತಿದ್ದೂ ಮೂವತ್ತು ವರ್ಷ ಅದರ ಮುಂದೆಯೇ ಅತ್ತ, ಅದರ ಮುಂದೆಯೇ ನನ್ನನ್ನು ಬೆಳೆಸಿದ. ಕುಕ್ಕರು ನಿಮ್ಮ ಮನೆಯದು, ಒಪ್ಪಿದೆ. ಆದರೆ ನಮ್ಮ ಗೋಡೆಯ ಮೇಲೆ ಅವಳು ತಿರುಗಿ ನೋಡುತ್ತಿದ್ದದ್ದು ನನ್ನ ಕಡೆ. ಅದನ್ನು ಬಿಟ್ಟುಕೊಡಲಾರೆ.

ಮುಕ್ತಾಳ ಎಡಗೈ ಅವಳದೇ ಎಂದು ಅವಳಿಗೆ ಹೇಳಿದೆ. ಭಾಳ ಖುಷಿಯಾದಳು.

ಶಿವಕಾಂತಾ


ಸಹಕಾರನಗರ
೨೪ ಸೆಪ್ಟೆಂಬರ್ ೨೦೨೪

ಮಗಳೇ ಶಿವಕಾಂತಾ,

ನೀನು ಹೇಳಿದ್ದು ಕೇಳದೆ ಮೊದಲು ಫೋಟೋವನ್ನೇ ನೋಡಿದೆ. ಮರೆಮ್ಮ ಕಂಡಳು. ನನ್ನ ಕೈಕೆಲಸ ಇನ್ನೂ ಗಟ್ಟಿಯಾಗಿದೆ ಎಂದು ಒಂದು ಕ್ಷಣ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಫೋಟೋವನ್ನು ಹಿಂದಿನ ಕುರ್ಚಿಯ ಮೇಲಿಟ್ಟು, ಅದಕ್ಕೆ ಬೆನ್ನು ಮಾಡಿ ಕೂತು ಅವ್ವಣ್ಣನ ಕನ್ನಡಿ ಎತ್ತಿದೆ. ಆಚೀಚೆ ತಿರುಗಿಸಿದೆ, ಮೊದಲು ನನ್ನ ಕಿವಿ ಕಂಡಿತು, ಆಮೇಲೆ ಕ್ಯಾಲೆಂಡರು. ಆಮೇಲೆ ಇಂದೂ. ಸೆರಗು ಎಡ ಹೆಗಲಿಗೆ ಬಂದಿತ್ತು, ಮೂಗುತಿ ಎಡಕ್ಕೆ ಬಂದಿತ್ತು. ನನ್ನ ಬೆನ್ನ ಹಿಂದೆ ಮೂರನೆಯ ಸೀಟಿಗೆ ಕಾಯುತ್ತ ಕೂತಿದ್ದಳು. ನಾನು ಜೋರಾಗಿ ಅತ್ತಿರಬೇಕು. ನನಗೆ ಕೇಳಿಸಲಿಲ್ಲ, ಸುರಭಿ ಮೇಲಿನ ಕೋಣೆಯಿಂದ ಓಡಿ ಬಂದಳು.

ಕನ್ನಡಿಯಲ್ಲೂ ಗದ್ದದ ಮೇಲಿನ ಮೂರು ಚುಕ್ಕೆ ಹೋಗಲಿಲ್ಲ. ಸುರಭಿ, ಮೊಬೈಲಿನಲ್ಲಿ ತೆಗೆದು ತಿರುಗಿಸಿ, ಚುಕ್ಕೆ ಅಳಿಸಿ ಕೊಡುತ್ತೇನೆ ಎಂದಳು. ಬೇಡ ಎಂದೆ. ಒಂದು ಸಲ ತಿದ್ದಿದ್ದು ಸಾಕು. ಆ ಚುಕ್ಕೆಗಳು ಮರೆಮ್ಮನವು, ಇರಲಿ.

ಫೋಟೋವನ್ನು ಭೀಮು ಕೈಯಲ್ಲಿ ಕಳಿಸುವುದಿಲ್ಲ. ಅಮಾವಾಸ್ಯೆಯ ದಿನ ಬೆಳಿಗ್ಗೆ ನಾನೇ ತರುತ್ತೇನೆ, ಸುರಭಿ ಕರೆದುಕೊಂಡು ಬರುತ್ತಾಳೆ. ಕನ್ನಡಿಯನ್ನೂ ತರುತ್ತೇನೆ. ಎರಡು ಮೊಳ ಮಲ್ಲಿಗೆ ಮಾರ್ಕೆಟ್ ಯಾರ್ಡಿನಲ್ಲಿ ನಾನೇ ನೋಡಿ ಕೊಂಡು ತರುತ್ತೇನೆ, ನೀನು ತರಬೇಡ. ಮೊಳೆ ತೆಗೆಸಿಲ್ಲ ತಾನೇ?

ನಿನ್ನನ್ನು ಒಂದು ಕೇಳಬೇಕು. ಆ ದಿನ ಫೋಟೋದ ಮುಂದೆ ಎಡೆ ಎರಡು ಇಡು. ಒಂದರ ಪಲ್ಯಕ್ಕೆ ಉಳ್ಳಾಗಡ್ಡಿ ಹಾಕಬೇಡ.

ನಿನ್ನ
ಕೃಷ್ಣಾಜಿ ಅಜ್ಜ